ಬಾತ್‌ರೂಮ್ ಹೊಸದಾಗಿ ಮಾಡಿಸುವಾಗ ಬಣ್ಣ ಮೊದಲೋ, ಫಿನಿಶ್ ಮೊದಲೋ?

ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಬೇಕು ಅಂದ ತಕ್ಷಣ ಮನೆಯಲ್ಲಿ ಮಾತು ಬಣ್ಣದ ಕಡೆಗೇ ಹೋಗುತ್ತದೆ. ಬಿಳಿ ಹಾಕಿಸೋಣವೋ, ಬೂದು ಹಾಕಿಸೋಣವೋ? ಕಡು ಹಸಿರು ಚೆನ್ನಾಗಿ ಕಾಣುತ್ತೆ ಅಲ್ವಾ? ನನ್ನ ಲೆಕ್ಕದಲ್ಲಿ ಇದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಫಿನಿಶ್ ಬಗ್ಗೆ. ಅಂದರೆ ಮೇಲ್ಮೈ ಹೊಳೆಯಬೇಕೋ, ಮ್ಯಾಟ್ ಇರಬೇಕೋ, ಕೈಗೆ ತರಿತರಿಯಾಗಿ ಸಿಗಬೇಕೋ ಎಂಬುದು. ಬಣ್ಣ ಅಷ್ಟಾಗಿ ಹಿಡಿಸದಿದ್ದರೂ ಕೆಲವು ತಿಂಗಳಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಫಿನಿಶ್ ಹೊಂದದಿದ್ದರೆ ಹಾಗಲ್ಲ. ದಿನಾ ಒರೆಸಬೇಕಾಗುತ್ತದೆ, ಇಲ್ಲವೇ ದಿನಾ ಜಾರುವ ಭಯ ಇರುತ್ತದೆ.

ಇನ್ನೊಂದು ವಿಷಯವನ್ನೂ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಬಾತ್‌ರೂಮಿನಲ್ಲಿ ಎಲ್ಲವನ್ನೂ ಬದಲಿಸುವುದು ಒಂದೇ ರೀತಿ ಸುಲಭವಲ್ಲ. ನೆಲದ ಟೈಲ್ಸ್ ತೆಗೆಯಬೇಕೆಂದರೆ ಒಡೆಯಬೇಕು. ಒಡೆದರೆ ಕೆಳಗಿನ ವಾಟರ್‌ಪ್ರೂಫಿಂಗ್ ಕೂಡ ಹಾಳಾಗುತ್ತದೆ. ಗೋಡೆಯ ಟೈಲ್ಸ್ ಕಥೆಯೂ ಹೆಚ್ಚುಕಡಿಮೆ ಇದೇ. ಕಮೋಡ್, ವಾಶ್‌ಬೇಸಿನ್ ಬದಲಿಸುವುದು ಅದಕ್ಕಿಂತ ಸುಲಭ, ನಲ್ಲಿ ಇನ್ನೂ ಸುಲಭ. ಪೇಂಟ್ ಒಂದು ವಾರಾಂತ್ಯದ ಕೆಲಸ. ಟವೆಲ್, ಕರ್ಟನ್, ಕನ್ನಡಿಯ ಚೌಕಟ್ಟು ಯಾವಾಗ ಬೇಕಾದರೂ ಬದಲಿಸಬಹುದು. ಹಾಗಾಗಿ ಧೈರ್ಯದ ಬಣ್ಣಗಳನ್ನು ಈ ಪಟ್ಟಿಯ ಕೊನೆಯ ಕಡೆ ಇಡುವುದು ಜಾಣತನ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಹತ್ತು ವರ್ಷದಿಂದ ನಿಮಗೆ ಕಡು ನೀಲಿಯೇ ಇಷ್ಟ ಅಂದರೆ ಧಾರಾಳವಾಗಿ ಗೋಡೆಗೆ ಹಾಕಿಸಿ. ಹೋದ ತಿಂಗಳು ಎಲ್ಲೋ ಫೋಟೋ ನೋಡಿ ಇಷ್ಟವಾಗಿದ್ದರೆ ಅದನ್ನು ಟವೆಲ್‌ನಲ್ಲಿ ನೋಡಿಕೊಳ್ಳಿ.

ನೆಲ: ಪಾಲಿಶ್, ಮ್ಯಾಟ್, ಗ್ರಿಪ್, ಮೊಸಾಯಿಕ್

ಪಾಲಿಶ್ ಮಾಡಿದ ಹೊಳೆಯುವ ಟೈಲ್ಸ್ ಬಾತ್‌ರೂಮಿನ ನೆಲಕ್ಕೆ ಬೇಡ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಒಣಗಿದಾಗ ಅದು ಜಾರದೇ ಇರಬಹುದು. ಆದರೆ ನೀರಿನ ಜೊತೆ ಸೋಪು ಸೇರಿದಾಗ ಪಾದಕ್ಕೂ ಟೈಲ್‌ಗೂ ನಡುವೆ ಒಂದು ತೆಳು ಪದರ ನಿಲ್ಲುತ್ತದೆ. ಹಿಡಿತ ಅಲ್ಲೇ ತಪ್ಪುತ್ತದೆ.

ಉಳಿದ ಮೂರರಲ್ಲಿ ಆರಿಸಲು ಟೈಲ್ಸ್ ಮಾಹಿತಿ ಪತ್ರದಲ್ಲಿ ಒಂದೆರಡು ಗುರುತು ನೋಡಬೇಕು. ಹೆಚ್ಚಾಗಿ ಕಾಣುವುದು ಆರ್9 ರಿಂದ ಆರ್13 ರವರೆಗಿನ ಅಂಕಿ. ಇದು ಜರ್ಮನಿಯ ಡಿಐಎನ್ 51130 ಎಂಬ ಪರೀಕ್ಷೆಯಿಂದ ಬಂದದ್ದು. ಟೈಲ್ಸ್ ಹಾಸಿದ ಹಲಗೆಯ ಮೇಲೆ ಎಣ್ಣೆ ಸವರುತ್ತಾರೆ. ಅದರ ಮೇಲೆ ಒಬ್ಬರು ಶೂ ಹಾಕಿಕೊಂಡು ಹಿಂದೆ ಮುಂದೆ ನಡೆಯುತ್ತಾರೆ. ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಡಿಗ್ರಿಗೆ ಕಾಲು ಜಾರಿತು ಎಂಬುದರ ಮೇಲೆ ಅಂಕಿ ಸಿಗುತ್ತದೆ. 6 ರಿಂದ 10 ಡಿಗ್ರಿಯಾದರೆ ಆರ್9, 19 ರವರೆಗೆ ಆರ್10, 27 ರವರೆಗೆ ಆರ್11.

ಇಲ್ಲೊಂದು ತೊಡಕಿದೆ, ಗಮನಿಸಿದಿರಾ? ಆ ಪರೀಕ್ಷೆ ಶೂ ಕಾಲಿನದು. ಸ್ನಾನ ಮಾಡುವುದು ಬರಿಗಾಲಿನಲ್ಲಿ. ಬರಿಗಾಲಿಗೆಂದೇ ಡಿಐಎನ್ 51097 ಎಂಬ ಬೇರೆ ಪರೀಕ್ಷೆ ಇದೆ. ಅದರಲ್ಲಿ ಎಣ್ಣೆಯ ಬದಲು ಸೋಪಿನ ನೀರು ಬಳಸುತ್ತಾರೆ. ಫಲಿತಾಂಶ ಎ, ಬಿ, ಸಿ ಎಂಬ ಅಕ್ಷರಗಳಲ್ಲಿ ಬರುತ್ತದೆ. ಎ ಅಂದರೆ ಕನಿಷ್ಠ 12 ಡಿಗ್ರಿ, ಬಿ ಅಂದರೆ 18, ಸಿ ಅಂದರೆ 24. ಅಂಗಡಿಯವರು ಆರ್10 ಅಂದಾಗ ತಲೆಯಾಡಿಸಿ ಬರಬೇಡಿ. ಬರಿಗಾಲಿನ ದರ್ಜೆ ಯಾವುದು ಅಂತಲೂ ಕೇಳಿ. ಶವರ್ ಕೆಳಗೆ ಬಿ ಇರಲಿ. ವಾಶ್‌ಬೇಸಿನ್ ಮುಂದಿನ ಒಣ ಜಾಗಕ್ಕೆ ಆರ್10 ಸಾಕು.

ಹಾಗಂತ ಅಂಕಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲ್ಲ. ಆರ್12, ಆರ್13 ಟೈಲ್ಸ್ ಹೋಟೆಲ್ ಅಡುಗೆಮನೆ, ಕಾರ್ಖಾನೆಯಂಥ ಜಾಗಗಳಿಗೆ ಸರಿ. ಅವುಗಳ ತರಿಯಲ್ಲಿ ಸೋಪು, ಕೊಳೆ, ಕೂದಲು ಎಲ್ಲಾ ಸಿಕ್ಕಿಕೊಳ್ಳುತ್ತವೆ. ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಎಳೆಯೇ ಅಲ್ಲಿ ಉಳಿಯುತ್ತದೆ. ಬ್ರಷ್ ಹಿಡಿದು ಉಜ್ಜುವವರು ಯಾರು ಅನ್ನುವುದನ್ನೂ ಟೈಲ್ಸ್ ಆರಿಸುವಾಗಲೇ ತೀರ್ಮಾನಿಸಬೇಕಾಗುತ್ತದೆ.

ಮೊಸಾಯಿಕ್ ವಿಷಯ ಬೇರೆ. ಸಣ್ಣ ಸಣ್ಣ ತುಂಡುಗಳ ನಡುವೆ ಗ್ರೌಟ್ (ಸಂದು ತುಂಬುವ ಗಾರೆ) ಗೆರೆ ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ನೀರು ಹೋಗುವ ಕಿಂಡಿಯ ಕಡೆಗೆ ನಾಲ್ಕೂ ದಿಕ್ಕಿನಿಂದ ಇಳಿಜಾರು ಕೊಡುವುದೂ ಸುಲಭ. ದೊಡ್ಡ ಟೈಲ್ ಆದರೆ ಅಲ್ಲಿ ಓರೆಯಾಗಿ ಕತ್ತರಿಸಬೇಕು. ಇಲ್ಲವೇ ಗೋಡೆಯ ಅಂಚಿಗೆ ಉದ್ದನೆಯ ಕಿಂಡಿ ಇಟ್ಟು ಒಂದೇ ಕಡೆಗೆ ಇಳಿಜಾರು ಕೊಡಬೇಕು. ಮೊಸಾಯಿಕ್‌ನ ತೊಂದರೆಯೂ ಅದೇ ಗ್ರೌಟ್. ಗೆರೆ ಹೆಚ್ಚಿದಷ್ಟೂ ಉಜ್ಜುವ ಕೆಲಸ ಹೆಚ್ಚು. ಇಡೀ ನೆಲಕ್ಕೆ ಬೇಡ, ಶವರ್ ಕೆಳಗಿನ ಚೌಕಕ್ಕೆ ಮಾತ್ರ ಹಾಕಿಸಿದರೆ ಎರಡೂ ಕಡೆಯ ಲಾಭ ಸಿಗುತ್ತದೆ.

ನೆಲದ ಬಣ್ಣಕ್ಕೆ ಬಂದರೆ ಎರಡು ತುದಿಗಳನ್ನೂ ಬಿಡಿ. ಅಚ್ಚ ಬಿಳಿಯ ಮೇಲೆ ಪ್ರತಿ ಕೂದಲೂ ಕಾಣುತ್ತದೆ. ಅಚ್ಚ ಕಪ್ಪಿನ ಮೇಲೆ ಧೂಳು, ಪೌಡರ್, ಸೋಪಿನ ಪೊರೆ, ಒಣಗಿದ ನೀರಿನ ಗುರುತು ಎಲ್ಲವೂ ಕಾಣುತ್ತದೆ. ಬಿಳಿಗಿಂತ ಕಪ್ಪನ್ನು ಚೊಕ್ಕವಾಗಿ ಇಡುವುದೇ ಕಷ್ಟ ಅಂದರೆ ಅನೇಕರು ನಂಬುವುದಿಲ್ಲ. ನಡುವಿನ ಬೂದು, ಮರಳಿನ ಬಣ್ಣ, ಅದರಲ್ಲೂ ಸ್ವಲ್ಪ ಚುಕ್ಕೆ ಅಥವಾ ಮೋಡ ಮೋಡವಾದ ವಿನ್ಯಾಸ ಇದ್ದರೆ ಎರಡು ದಿನ ತೊಳೆಯದಿದ್ದರೂ ಗೊತ್ತಾಗುವುದಿಲ್ಲ.

ಗೋಡೆ: ಹೊಳಪಿಗೂ ಮ್ಯಾಟ್‌ಗೂ ನಡುವೆ

ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ. ಹಾಗಾಗಿ ಇಲ್ಲಿ ಹೊಳಪಿಗೆ ಅಡ್ಡಿಯಿಲ್ಲ. ಹೊಳೆಯುವ ಗ್ಲೇಜ್ ಅಂದರೆ ಗಾಜಿನಂಥ ನುಣುಪು ಪದರ. ಸೋಪು, ಎಣ್ಣೆ ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ವೈಪರ್ ಒಮ್ಮೆ ಎಳೆದರೆ ಆಯಿತು. ಬೆಳಕನ್ನೂ ಹಿಂದಕ್ಕೆ ಎಸೆಯುತ್ತದೆ. ನ್ಯೂಯಾರ್ಕ್‌ನ ಸಬ್‌ವೇ ರೈಲು 1904ರಲ್ಲಿ ಶುರುವಾದಾಗ ಅದರ ನಿಲ್ದಾಣಗಳ ಗೋಡೆಗೆ ಹೊಳೆಯುವ ಬಿಳಿ ಟೈಲ್ಸ್ ಹಾಕಿದ್ದರು. ಈಗಲೂ 3 ಇಂಚು ಅಗಲ, 6 ಇಂಚು ಉದ್ದದ ಆ ಅಳತೆಗೆ ಸಬ್‌ವೇ ಟೈಲ್ ಅಂತಲೇ ಹೆಸರು. ಸೂರ್ಯನ ಬೆಳಕು ಬಾರದ, ದಿನಾ ತೊಳೆಯಬೇಕಾದ ಜಾಗ ಅದು. ಕಿಟಕಿಯಿಲ್ಲದ ಬಾತ್‌ರೂಮಿಗೂ ಆ ನಿಲ್ದಾಣಕ್ಕೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ.

ಹೊಳಪಿನ ದೋಷವೂ ಬೆಳಕಿನಿಂದಲೇ ಬರುತ್ತದೆ. ಗೋಡೆ ಸಮತಟ್ಟಾಗಿಲ್ಲದಿದ್ದರೆ, ಒಂದು ಟೈಲ್ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದಿದ್ದರೆ, ಹೊಳಪು ಅದನ್ನು ಎತ್ತಿ ತೋರಿಸುತ್ತದೆ. ಗೋಡೆಗೆ ಅಂಟಿಕೊಂಡಂತೆ ಮೇಲಿನಿಂದ ಬೀಳುವ ದೀಪ ಇದ್ದರಂತೂ ಪ್ರತಿ ಅಂಚಿಗೂ ಒಂದು ನೆರಳು ಬರುತ್ತದೆ. ಅಂಥ ದೀಪ ಬೇಕೇ ಬೇಕು ಅಂದರೆ ಮ್ಯಾಟ್ ಆರಿಸಿ, ಅಥವಾ ದೀಪವನ್ನು ಗೋಡೆಯಿಂದ ಸ್ವಲ್ಪ ದೂರಕ್ಕೆ ಸರಿಸಿ.

ಮ್ಯಾಟ್ ಟೈಲ್ಸ್ ಶಾಂತವಾಗಿ ಕಾಣುತ್ತವೆ. ದೀಪದ ಪ್ರತಿಬಿಂಬ ಇಲ್ಲ, ಬೆರಳಚ್ಚು ಕಾಣುವುದಿಲ್ಲ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಒರಟು ಅದರಲ್ಲಿ ಇದ್ದೇ ಇರುತ್ತದೆ. ಸೋಪಿನ ಪೊರೆ ಅಲ್ಲಿ ನಿಧಾನವಾಗಿ ಕೂರುತ್ತದೆ. ತೆಳು ಬಣ್ಣದ ಮ್ಯಾಟ್ ಆದರೆ ಗೊತ್ತಾಗುವುದಿಲ್ಲ. ಕಡು ಬಣ್ಣದ ಮ್ಯಾಟ್ ಆದರೆ ಅಲ್ಲಲ್ಲಿ ಬೂದಿ ಬಳಿದ ಹಾಗೆ ಮಬ್ಬಾಗುತ್ತದೆ.

ನಿಮ್ಮ ನೀರು ಗಡಸಾಗಿದ್ದರೆ ಈ ಮಾತನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಜಾಸ್ತಿ. ಹನಿ ಒಣಗಿದಾಗ ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ಇದೇ ಆ ಬಿಳಿ ಚುಕ್ಕೆ. ಸೋಪಿನ ಜೊತೆ ಕ್ಯಾಲ್ಸಿಯಂ ಸೇರಿದರೆ ನೀರಿನಲ್ಲಿ ಕರಗದ ಜಿಗುಟು ಪೊರೆಯಾಗುತ್ತದೆ. ಎರಡೂ ಬಿಳಿಚು ಬಣ್ಣದವು. ಆದ್ದರಿಂದ ತೆಳು ಬಣ್ಣದ ಮೇಲೆ ಅಡಗುತ್ತವೆ, ಕಡು ಬಣ್ಣದ ಮೇಲೆ ಎದ್ದು ಕಾಣುತ್ತವೆ. ಗಡಸು ನೀರಿನ ಮನೆಯಲ್ಲಿ ಕಪ್ಪು ಗೋಡೆ, ಕಪ್ಪು ನಲ್ಲಿ, ಕಪ್ಪು ಬೇಸಿನ್ ಮೂರನ್ನೂ ಒಟ್ಟಿಗೆ ಹಾಕಿಸುವುದೆಂದರೆ ಒರೆಸುವ ಬಟ್ಟೆಯ ಜೊತೆ ಮದುವೆಯಾದಂತೆ.

ಇವೆರಡರ ನಡುವೆ ಸ್ಯಾಟಿನ್ ಅಥವಾ ಸಿಲ್ಕ್ ಎಂದು ಕರೆಯುವ ಅರೆ ಹೊಳಪಿನ ಫಿನಿಶ್ ಇದೆ. ಯಾವುದು ಬೇಕೆಂದು ತೋಚದಿದ್ದರೆ ಗೋಡೆಗೆ ಇದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಒರೆಸಲು ಸುಲಭ, ಕಣ್ಣಿಗೂ ಕುಕ್ಕುವುದಿಲ್ಲ. ಇನ್ನೂ ಒಂದು ಉಪಾಯವಿದೆ. ಒಂದೇ ಬಣ್ಣವನ್ನು ನೆಲಕ್ಕೆ ಮ್ಯಾಟ್‌ನಲ್ಲಿ, ಗೋಡೆಗೆ ಹೊಳಪಿನಲ್ಲಿ ಹಾಕಿಸಿ. ಬೆಳಕು ಬೀಳುವ ರೀತಿ ಬೇರೆಯಾಗುವುದರಿಂದ ಎರಡು ಬಣ್ಣ ಇದ್ದಂತೆ ಕಾಣುತ್ತದೆ. ಬಣ್ಣ ಹೊಂದಿಸುವ ತಲೆನೋವು ಮಾತ್ರ ಇರುವುದಿಲ್ಲ.

ಸಿರಾಮಿಕ್ ಮತ್ತು ಪೋರ್ಸಲೇನ್ ನಡುವೆ ಯಾವುದು? ವ್ಯತ್ಯಾಸ ಒಳಗಿನ ಮಣ್ಣಿನಲ್ಲಿದೆ. ಐಎಸ್‌ಒ 13006 ಪ್ರಕಾರ ಪೋರ್ಸಲೇನ್ ಹೀರುವ ನೀರು ಅದರ ತೂಕದ 0.5 ಶೇಕಡಾ ಮೀರಬಾರದು. ಗೋಡೆಗೆಂದು ಮಾಡುವ ಸಿರಾಮಿಕ್ 10 ಶೇಕಡಾಕ್ಕಿಂತ ಜಾಸ್ತಿ ಹೀರುತ್ತದೆ. ಗೋಡೆಯ ಮೇಲೆ ಇದರಿಂದ ನಷ್ಟವಿಲ್ಲ, ಏಕೆಂದರೆ ನೀರು ತಡೆಯುವುದು ಮೇಲಿನ ಗ್ಲೇಜ್ ಮತ್ತು ಹಿಂದಿನ ವಾಟರ್‌ಪ್ರೂಫಿಂಗ್. ಸಿರಾಮಿಕ್ ಹಗುರ, ಕತ್ತರಿಸಲೂ ಸುಲಭ. ಆದರೆ ಬಣ್ಣ ಹೊಂದುತ್ತದೆ ಎಂದು ಗೋಡೆಯ ಟೈಲ್ಸನ್ನೇ ನೆಲಕ್ಕೆ ಹಾಕಿಸಬೇಡಿ.

ಅಮೃತಶಿಲೆಯ ಬಗ್ಗೆ ಎರಡೇ ಮಾತು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಇರುವ ಕ್ಲೀನರ್ ಬಿದ್ದರೆ ಪಾಲಿಶ್ ಹೋಗಿ ಮಂಕು ಕಲೆಯಾಗುತ್ತದೆ, ನಿಂಬೆರಸ ಬಿದ್ದರೂ ಅಷ್ಟೇ. ಸೀಲರ್ ನೀರು ಇಂಗುವುದನ್ನು ತಡೆಯುತ್ತದೆ, ಆಸಿಡ್ ಕಲೆಯನ್ನು ತಡೆಯುವುದಿಲ್ಲ. ಅಮೃತಶಿಲೆಯ ಚಿತ್ತಾರವೇ ಬೇಕಿದ್ದರೆ ಅದನ್ನು ಮುದ್ರಿಸಿದ ಪೋರ್ಸಲೇನ್ ತೆಗೆದುಕೊಳ್ಳಿ. ಕೊಳ್ಳುವಾಗ ಎಷ್ಟು ಬೇರೆ ಬೇರೆ ಚಿತ್ರ ಮುದ್ರಿಸಿದ್ದಾರೆ ಎಂದು ಕೇಳಿ. ನಾಲ್ಕೇ ಚಿತ್ರ ಇದ್ದರೆ ಒಂದೇ ಗೋಡೆಯಲ್ಲಿ ಅದೇ ಗೆರೆ ಮತ್ತೆ ಮತ್ತೆ ಬಂದು ಗುಟ್ಟು ರಟ್ಟಾಗುತ್ತದೆ.

ಈಗ ಬಣ್ಣ

ಬಿಳಿ ಸುರಕ್ಷಿತ ಎನ್ನುತ್ತಾರೆ. ನಿಜ, ಆದರೆ ಬಿಳಿ ಒಂದೇ ಅಲ್ಲ. ನೀಲಿ ಛಾಯೆಯ ಬಿಳಿ ಇದೆ, ಹಾಲು ಕೆನೆಯಂಥದ್ದಿದೆ, ಬೂದು ಮಿಶ್ರಿತ ಬಿಳಿಯಿದೆ. ಬೇರೆ ಬೇರೆಯಾಗಿ ನೋಡಿದಾಗ ಎಲ್ಲವೂ ಬಿಳಿಯೇ. ಅಕ್ಕಪಕ್ಕ ಇಟ್ಟಾಗ ಒಂದು ಹಳೆಯದಾಗಿ ಕಾಣುತ್ತದೆ. ನೀಲಿ ಛಾಯೆಯ ಬಿಳಿ ಕಮೋಡಿನ ಪಕ್ಕದಲ್ಲಿ ಕೆನೆ ಬಣ್ಣದ ಗೋಡೆ ಇದ್ದರೆ ಹೊಸ ಗೋಡೆಯೂ ಹೊಗೆ ಹಿಡಿದಂತೆ ಕಾಣಬಹುದು. ಆದ್ದರಿಂದ ಕಮೋಡ್, ಬೇಸಿನ್ ಮೊದಲು ಆರಿಸಿ. ಎರಡನ್ನೂ ಒಂದೇ ಕಂಪನಿಯದ್ದು ತೆಗೆದುಕೊಳ್ಳಿ. ಆಮೇಲೆ ಗೋಡೆಯ ಟೈಲನ್ನು ಅದರ ಪಕ್ಕ ಹಿಡಿದು ನೋಡಿ. ಬಿಳಿಯ ಪಕ್ಕ ಅದೇ ಬಿಳಿ ಸಿಗದಿದ್ದರೆ ಅರೆಬರೆ ಹೊಂದಿಸುವ ಬದಲು ಬೇರೆ ಬಣ್ಣಕ್ಕೇ ಹೋಗುವುದು ಮೇಲು.

ಕಮೋಡಿಗೆ ಮಾತ್ರ ಬಿಳಿಯನ್ನೇ ಇಟ್ಟುಕೊಳ್ಳಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಬಣ್ಣದ ಕಮೋಡ್ ಹೊಸ ಫ್ಯಾಷನ್ ಏನಲ್ಲ. ಅಮೆರಿಕದ ಕೋಹ್ಲರ್ ಕಂಪನಿ 1927ರಲ್ಲೇ ಬಣ್ಣದ ಬಾತ್‌ರೂಮ್ ಸೆಟ್ ಮಾರಾಟಕ್ಕೆ ತಂದಿತ್ತು. 1970ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಅವಕಾಡೊ ಹಸಿರು ಮನೆಮನೆಗೆ ನುಗ್ಗಿತು. ಆ ಬಣ್ಣ ಹಳತಾದ ಮೇಲೆ ಬೇಸಿನ್ ಒಡೆದುಕೊಂಡವರಿಗೆ ಅದೇ ಬಣ್ಣದ್ದು ಸಿಗುವುದು ಕಷ್ಟವಾಯಿತು. ಬಿಳಿಗೆ ಆ ಗತಿ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ, ಹೇಳಲು ಸ್ವಲ್ಪ ಮುಜುಗರ. ಮೂತ್ರದ ಬಣ್ಣ ಬದಲಾದರೆ, ಮಲದಲ್ಲಿ ರಕ್ತ ಇದ್ದರೆ, ಬಿಳಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಕಪ್ಪು ಕಮೋಡಿನಲ್ಲಿ ಗೊತ್ತಾಗುವುದಿಲ್ಲ.

ಬೂದು ಬಣ್ಣ ಬಹಳ ಜನಪ್ರಿಯ. ತಣ್ಣನೆಯ ಬೂದಿಗೆ ತಣ್ಣನೆಯ ದೀಪ ಸೇರಿದರೆ ಮಾತ್ರ ಕೋಣೆಗೆ ಆಸ್ಪತ್ರೆಯ ಕಳೆ ಬರುತ್ತದೆ. ಸ್ವಲ್ಪ ಕಂದು ಸೇರಿದ ಬೂದು, ಅಥವಾ ಮರಳಿನ ಬಣ್ಣ, ಇದಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ ಎಂಬುದು ನನ್ನ ಅನಿಸಿಕೆ. ಬಿಳಿ ಕಮೋಡಿಗೂ ಹೊಂದುತ್ತದೆ, ಕ್ರೋಮ್‌ಗೂ ಹೊಂದುತ್ತದೆ, ಹಿತ್ತಾಳೆ ಬಣ್ಣಕ್ಕೂ ಹೊಂದುತ್ತದೆ.

ಹಸಿರು, ಹಳದಿ, ನೀಲಿ ಗೋಡೆಯ ಬಗ್ಗೆ ಕ್ಯಾಟಲಾಗಿನಲ್ಲಿ ಹೇಳದ ಒಂದು ಸಂಗತಿ ಇದೆ. ಗೋಡೆಗೆ ಬಿದ್ದ ಬೆಳಕು ಅದರ ಬಣ್ಣವನ್ನು ಹೊತ್ತುಕೊಂಡು ನಿಮ್ಮ ಮುಖಕ್ಕೆ ಬರುತ್ತದೆ. ಗಾಢ ಹಸಿರು ಗೋಡೆಯ ಎದುರು ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಬಾಡಿದಂತೆ ಕಾಣುತ್ತದೆ. ತೆಳು ಗುಲಾಬಿ, ಏಪ್ರಿಕಾಟ್, ಇಟ್ಟಿಗೆಯ ತೆಳು ಛಾಯೆಗಳು ಮುಖಕ್ಕೆ ಕಳೆ ಕೊಡುತ್ತವೆ. ಹಸಿರೇ ಬೇಕಿದ್ದರೆ ಶವರ್ ಗೋಡೆಗೆ ಇಟ್ಟು, ಕನ್ನಡಿಯ ಮುಂದೆ ನಿಂತಾಗ ನಿಮ್ಮ ಎದುರು ಮತ್ತು ಅಕ್ಕಪಕ್ಕ ಇರುವ ಗೋಡೆಗಳನ್ನು ತೆಳುವಾಗಿ ಬಿಡಿ.

ಸಣ್ಣ ಕೋಣೆಯಲ್ಲಿ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿದು ಬರುವುದರಿಂದ ಬಣ್ಣವೂ ಪ್ರತಿ ಬಾರಿ ಗಾಢವಾಗುತ್ತದೆ. ಅಂಗೈಯಗಲದ ಸ್ಯಾಂಪಲ್‌ನಲ್ಲಿ ಹಿತವಾಗಿದ್ದ ಹಳದಿ ನಾಲ್ಕೂ ಗೋಡೆಗೆ ಬಂದಾಗ ಚೀರಲು ಶುರು ಮಾಡುತ್ತದೆ. ನಾಲ್ಕೂ ಗೋಡೆಗೆ ಹಾಕುವುದಾದರೆ ಇಷ್ಟವಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮಂಕಾದದ್ದನ್ನು ಆರಿಸಿ.

ಕಡು ಬಣ್ಣದಿಂದ ಸಣ್ಣ ಬಾತ್‌ರೂಮ್ ಇನ್ನೂ ಚಿಕ್ಕದಾಗುತ್ತದೆಯೇ? ಪೂರ್ತಿ ನಿಜವಲ್ಲ. ಕಡು ಗೋಡೆಯ ಮೂಲೆಗಳು ಕಣ್ಣಿಗೆ ಸರಿಯಾಗಿ ಕಾಣದ ಕಾರಣ ಕೋಣೆಯ ಗಡಿ ಮಸುಕಾಗುತ್ತದೆ. ಅತಿಥಿಗಳು ಕೈತೊಳೆಯಲು ಮಾತ್ರ ಬಳಸುವ ಪುಟ್ಟ ಕೋಣೆಗೆ ಇದು ಚೆನ್ನಾಗಿಯೇ ಇರುತ್ತದೆ. ದಿನಾ ಗಡ್ಡ ಕೆರೆದುಕೊಳ್ಳುವ, ಮಕ್ಕಳಿಗೆ ಸ್ನಾನ ಮಾಡಿಸುವ ಕೋಣೆಗೆ ಬೇಡ. ಅಷ್ಟು ಬೆಳಕು ತುಂಬಲು ದೀಪದ ಸಂಖ್ಯೆ ಹೆಚ್ಚಿಸಬೇಕಾಗುತ್ತದೆ.

ವಯಸ್ಸಾದವರು ಇರುವ ಮನೆಯಲ್ಲಿ ಬಣ್ಣದ ಆಯ್ಕೆ ಅಂದಕ್ಕಷ್ಟೇ ಸೀಮಿತವಲ್ಲ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್, ಬಿಳಿ ಹಿಡಿಕೆ ಇದ್ದರೆ ದೃಷ್ಟಿ ಮಂದವಾದವರಿಗೆ ನೆಲ ಎಲ್ಲಿ ಮುಗಿಯಿತು, ಕಮೋಡ್ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಪೇಂಟ್ ಮತ್ತು ಟೈಲ್ಸ್ ಕಂಪನಿಗಳು ಎಲ್‌ಆರ್‌ವಿ ಎಂಬ ಸಂಖ್ಯೆ ಕೊಡುತ್ತವೆ. ಮೇಲ್ಮೈ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಳತೆ ಅದು, ಕಪ್ಪಿಗೆ 0, ಬಿಳಿಗೆ 100. ಅಕ್ಕಪಕ್ಕದ ಎರಡು ಮೇಲ್ಮೈಗಳ ನಡುವೆ 30 ಅಂಕದಷ್ಟು ವ್ಯತ್ಯಾಸ ಇರಲಿ ಎಂಬುದು ದೃಷ್ಟಿ ಮಂದವಾದವರಿಗೂ ಅನುಕೂಲವಾಗಲೆಂದು ಕಟ್ಟುವ ಕಟ್ಟಡಗಳ ವಿನ್ಯಾಸದಲ್ಲಿ ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ನಡುವಿನ ಬೂದು ನೆಲದ ಮೇಲೆ ಬಿಳಿ ಕಮೋಡ್, ತೆಳು ಗೋಡೆಯ ಮೇಲೆ ಕಡು ಬಣ್ಣದ ಹಿಡಿಕೆ ಇಟ್ಟರೆ ಸಾಕು. ಹಿಡಿಕೆಗೆ ಮ್ಯಾಟ್ ಕಪ್ಪು ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದೇ.

ದೀಪ ಹಾಕದೆ ಬಣ್ಣ ಆರಿಸಬೇಡಿ

ಬಾತ್‌ರೂಮಿಗೆ ಹೊರಗಿನ ಬೆಳಕು ಬರುವುದು ಕಡಿಮೆ. ಅಲ್ಲಿನ ಬಣ್ಣವನ್ನು ನಿರ್ಧರಿಸುವುದು ಬಲ್ಬ್. ಅದರ ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 2700 ಕೆಲ್ವಿನ್ ದೀಪ ಹಳದಿ ಮಿಶ್ರಿತ ಬೆಚ್ಚನೆಯ ಬೆಳಕು ಕೊಡುತ್ತದೆ. 4000 ಕೆಲ್ವಿನ್ ಹೆಚ್ಚುಕಡಿಮೆ ತಟಸ್ಥ. 6500 ಕೆಲ್ವಿನ್ ನೀಲಿ ಛಾಯೆಯದು. ಅಂಗಡಿಗಳಲ್ಲಿ ಪ್ರಖರ ಬೆಳಕಿನ ಕೆಳಗೆ ಹೊಳೆಯುತ್ತಿದ್ದ ಕೆನೆ ಬಣ್ಣ ನಿಮ್ಮ 2700ರ ಕೆಳಗೆ ಹಳದಿಯಾಗಿ ಕಾಣುತ್ತದೆ. ಕೆಲವು ಬಣ್ಣಗಳ ಜೋಡಿ ಒಂದು ಬೆಳಕಿನಲ್ಲಿ ಒಂದೇ ಥರ ಕಂಡು, ಇನ್ನೊಂದರಲ್ಲಿ ಬೇರೆ ಬೇರೆಯಾಗುತ್ತವೆ. ಬಾತ್‌ರೂಮಿಗೆ 3000 ರಿಂದ 4000 ನಡುವಿನದು ಸಾಮಾನ್ಯವಾಗಿ ಸರಿಹೋಗುತ್ತದೆ. ಕನ್ನಡಿಯ ಬಳಿಯ ದೀಪಕ್ಕೆ ಸಿಆರ್‌ಐ 90ಕ್ಕಿಂತ ಹೆಚ್ಚಿರಲಿ. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ ಅದು. ಒಂದೇ ಕೋಣೆಯಲ್ಲಿ ಎರಡು ಮೂರು ಥರದ ಬಲ್ಬ್ ಬೆರೆಸಬೇಡಿ.

ಸ್ಯಾಂಪಲ್ ಟೈಲನ್ನು ಮನೆಗೆ ತನ್ನಿ. ಗೋಡೆಯದ್ದನ್ನು ನೆಟ್ಟಗೆ ನಿಲ್ಲಿಸಿ, ನೆಲದ್ದನ್ನು ನೆಲದ ಮೇಲೆ ಇಡಿ. ಕೈಯಲ್ಲಿ ಹಿಡಿದು ನೋಡಿದರೆ ಬೆಳಕು ಬೀಳುವ ಕೋನವೇ ಬೇರೆ. ರಾತ್ರಿ ದೀಪ ಹಾಕಿ ನೋಡಿ. ಆಮೇಲೆ ಸೋಪಿನ ನೀರು ಸುರಿದು, ಹಾಗೇ ಒಣಗಲು ಬಿಟ್ಟು ಮರುದಿನ ನೋಡಿ. ಸುಮ್ನೆ ಇಷ್ಟು ಮಾಡಿದರೆ ಕ್ಯಾಟಲಾಗ್ ಹೇಳದೆ ಬಿಟ್ಟ ಅರ್ಧ ವಿಷಯ ಗೊತ್ತಾಗುತ್ತದೆ. ಗ್ಲೇಜ್ ಇಲ್ಲದ ಕಲ್ಲು, ಸಿಮೆಂಟ್ ಟೈಲ್ಸ್ ಒದ್ದೆಯಾದಾಗ ಬಹಳ ಕಪ್ಪಾಗುತ್ತವೆ. ಶವರ್ ಗೋಡೆ ಅರ್ಧ ಒದ್ದೆ, ಅರ್ಧ ಒಣ ಇರುವಾಗ ಎರಡು ಬಣ್ಣದಂತೆ ಕಾಣುವುದು ನಿಮಗೆ ಒಪ್ಪಿಗೆಯೇ ನೋಡಿಕೊಳ್ಳಿ.

ಗ್ರೌಟ್: ಎಲ್ಲರೂ ಕೊನೆಗೆ ಬಿಡುವ ಬಣ್ಣ

ಟೈಲ್ಸ್ ಅಂಟಿಸಿ ಮುಗಿದ ಮೇಲೆ ಮೇಸ್ತ್ರಿ "ಯಾವ ಗ್ರೌಟ್ ಹಾಕಲಿ?" ಎಂದು ಕೇಳಿದಾಗ ಅವಸರದಲ್ಲಿ ಬಿಳಿ ಎಂದುಬಿಡುತ್ತಾರೆ. ನೆಲಕ್ಕೆ ಬಿಳಿ ಸಿಮೆಂಟ್ ಗ್ರೌಟ್ ಹಾಕಿಸಿದರೆ ಅದು ಕ್ರಮೇಣ ಕಂದಾಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ, ಓಡಾಡುವ ಜಾಗದಲ್ಲಿ ಮಾತ್ರ. ನೆಲಕ್ಕೆ ಟೈಲ್‌ಗಿಂತ ಸ್ವಲ್ಪ ಗಾಢವಾದ ಗ್ರೌಟ್ ಹಾಕಿಸಿ. ಗೋಡೆಗೆ ಟೈಲ್ ಬಣ್ಣದ್ದೇ ಹಾಕಿಸಿದರೆ ಗೋಡೆ ಒಂದೇ ಹಾಳೆಯಂತೆ ಕಾಣುತ್ತದೆ. ಬಿಳಿ ಟೈಲ್‌ಗೆ ಕಪ್ಪು ಗ್ರೌಟ್ ಹಾಕಿದರೆ ಪ್ರತಿ ಗೆರೆಯೂ ಎದ್ದು ಬರುತ್ತದೆ. ಗೆರೆ ನೇರವಾಗಿ ಬರುತ್ತದೆಂಬ ಭರವಸೆ ಇದ್ದರೆ ಮಾತ್ರ ಆ ಸಾಹಸ ಮಾಡಿ.

ಸಿಮೆಂಟ್ ಗ್ರೌಟ್ ಮತ್ತು ಎಪಾಕ್ಸಿ ಎಂಬ ರಾಳದ ಗ್ರೌಟ್ ನಡುವೆ ಆರಿಸುವುದಾದರೆ ಶವರ್ ಜಾಗಕ್ಕೆ ಎಪಾಕ್ಸಿ. ಅದು ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ, ಬಣ್ಣವೂ ಮೊದಲ ದಿನದಂತೆ ಉಳಿಯುತ್ತದೆ. ಹಾಕುವುದು ಕಷ್ಟ, ಬೇಗ ಗಟ್ಟಿಯಾಗುತ್ತದೆ, ಟೈಲ್ ಮೇಲೆ ಒಣಗಲು ಬಿಟ್ಟರೆ ಮತ್ತೆ ಹೋಗುವುದಿಲ್ಲ. ತರಿ ಇರುವ ಮ್ಯಾಟ್ ಟೈಲ್ ಮೇಲೆ ಇದು ಇನ್ನೂ ಕಷ್ಟ, ಹಾಗಾಗಿ ಮೊದಲು ಒಂದು ಮಿಕ್ಕ ಟೈಲ್ ಮೇಲೆ ಹಾಕಿ ಒರೆಸಿ ನೋಡಲು ಹೇಳಿ. ಕಡು ಬಣ್ಣದ ಸಿಮೆಂಟ್ ಗ್ರೌಟ್‌ನಲ್ಲಿ ಬೇರೆ ತೊಂದರೆ. ಕಲಸುವಾಗ ನೀರು ಹೆಚ್ಚು ಕಡಿಮೆಯಾದರೆ ಬಣ್ಣ ತೇಪೆ ತೇಪೆಯಾಗುತ್ತದೆ. ಒಳಗಿನ ಲವಣ ಹೊರಬಂದು ಬಿಳಿ ಪುಡಿಯೂ ಕಾಣಬಹುದು.

ಎರಡು ಗೋಡೆ ಕೂಡುವ ಮೂಲೆ, ಗೋಡೆ ಮತ್ತು ನೆಲ ಕೂಡುವ ಅಂಚು, ಇಲ್ಲಿ ಗ್ರೌಟ್ ಬಿರುಕು ಬಿಡುತ್ತದೆ. ಸಿಲಿಕೋನ್ ಬೇಕು. ಗ್ರೌಟ್ ಬಣ್ಣಕ್ಕೆ ಹೊಂದುವ ಸಿಲಿಕೋನ್ ಸಿಗುತ್ತದೆಯೇ ಎಂದು ಗ್ರೌಟ್ ಕೊಳ್ಳುವಾಗಲೇ ನೋಡಿ.

ನಲ್ಲಿ, ಶವರ್, ಹಿಡಿಕೆ: ಲೋಹದ ಬಣ್ಣ

ಕ್ರೋಮ್ ಹಳೆಯದು, ಬೋರಿಂಗ್ ಎನ್ನುವವರಿದ್ದಾರೆ. ನನಗೆ ಮಾತ್ರ ಅದರ ಮೇಲೆ ಗೌರವ. ಕೆಳಗೆ ನಿಕ್ಕಲ್, ಮೇಲೆ ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕ್ರೋಮಿಯಂ ಪದರ. ಗಟ್ಟಿ, ಒರೆಸಿದರೆ ಮತ್ತೆ ಹೊಳೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಒಂದು ಕಂಪನಿಯ ಕ್ರೋಮ್ ಪಕ್ಕದಲ್ಲಿ ಇನ್ನೊಂದು ಕಂಪನಿಯದ್ದು ಇಟ್ಟರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಹತ್ತು ವರ್ಷದ ಮೇಲೆ ಒಂದು ನಲ್ಲಿ ಮಾತ್ರ ಬದಲಿಸಬಹುದು. ದೋಷವೆಂದರೆ ನೀರಿನ ಹನಿ, ಬೆರಳಚ್ಚು ಕಾಣುತ್ತದೆ.

ಅದು ಕಾಣಬಾರದು ಎನ್ನುವವರಿಗೆ ಬ್ರಷ್ಡ್ ನಿಕ್ಕಲ್ ಅಥವಾ ಬ್ರಷ್ಡ್ ಸ್ಟೀಲ್. ಸಣ್ಣ ಗೀರುಗಳ ವಿನ್ಯಾಸ ಕಲೆಯನ್ನು ಅಡಗಿಸುತ್ತದೆ. ಗಡಸು ನೀರಿಗೆ ನನ್ನ ಮೊದಲ ಆಯ್ಕೆ ಇದೇ. ಮ್ಯಾಟ್ ಕಪ್ಪು ಫೋಟೋದಲ್ಲಿ ಬಹಳ ಚೆಂದ. ಆದರೆ ಬಿಳಿ ಕಲೆ ಕೂರುತ್ತದೆ, ಅದನ್ನು ತೆಗೆಯಲು ಆಸಿಡ್ ಅಥವಾ ಸ್ಕ್ರಬ್ಬರ್ ಬಳಸಿದರೆ ಕೋಟಿಂಗ್ ಹೋಗುತ್ತದೆ.

ಚಿನ್ನದ ಬಣ್ಣ, ಹಿತ್ತಾಳೆ ಬಣ್ಣ ಆರಿಸುವಾಗ ಕೋಟಿಂಗ್ ಯಾವ ವಿಧಾನದ್ದು ಎಂದು ಕೇಳಿ. ಪಿವಿಡಿ ಎಂಬ ವಿಧಾನದಲ್ಲಿ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಹವನ್ನು ಆವಿ ಮಾಡಿ ಪದರ ಕೂರಿಸುತ್ತಾರೆ. ಬರಿಯ ಲ್ಯಾಕರ್ ಬಳಿದದ್ದಕ್ಕಿಂತ ಇದು ಎಷ್ಟೋ ಗಟ್ಟಿ. ಆದರೆ ಒಬ್ಬರ ಚಿನ್ನ ಇನ್ನೊಬ್ಬರ ಚಿನ್ನಕ್ಕೆ ಹೊಂದುವುದಿಲ್ಲ. ಒಂದು ಕೆಂಪು, ಒಂದು ಹಸಿರು ಮಿಶ್ರಿತ ಹಳದಿ. ಎಲ್ಲವನ್ನೂ ಒಂದೇ ಕಂಪನಿಯ ಒಂದೇ ಸರಣಿಯಲ್ಲಿ, ಒಂದೇ ಸಲ ಕೊಂಡುಬಿಡಿ. ಕೋಟಿಂಗೇ ಇಲ್ಲದ ಹಿತ್ತಾಳೆಯೂ ಸಿಗುತ್ತದೆ. ಅದು ಕೈ ಮುಟ್ಟಿದಲ್ಲಿ ಹೊಳೆದು, ಉಳಿದ ಕಡೆ ಕಂದಾಗುತ್ತಾ ಬದಲಾಗುತ್ತದೆ. ಅದನ್ನು ಚೆಂದ ಎನ್ನುವವರು ಕೊಳ್ಳಲಿ, ಕೊಳೆ ಎನ್ನುವವರು ದೂರ ಇರಲಿ.

ಲೋಹಗಳನ್ನು ಬೆರೆಸಬಹುದೇ? ಎರಡು ಇರಲಿ, ಮೂರು ಬೇಡ. ಎರಡೂ ಸ್ಪಷ್ಟವಾಗಿ ಬೇರೆ ಇರಬೇಕು. ಕ್ರೋಮ್ ಜೊತೆ ಕಪ್ಪು ಸರಿ. ಕ್ರೋಮ್ ಪಕ್ಕದಲ್ಲೇ ಬ್ರಷ್ಡ್ ನಿಕ್ಕಲ್ ಇಟ್ಟರೆ ಹೊಂದಿಸಲು ಹೋಗಿ ತಪ್ಪಿದಂತೆ ಕಾಣುತ್ತದೆ. ಪಟ್ಟಿ ಮಾಡುವಾಗ ನೆಲದ ಕಿಂಡಿಯ ಮುಚ್ಚಳ, ಫ್ಲಶ್ ಪ್ಲೇಟ್, ಬೇಸಿನ್ ಕೆಳಗೆ ಕಾಣುವ ಪೈಪು, ಶವರ್ ಗಾಜಿನ ಹಿಂಜ್, ಟವೆಲ್ ಕೊಕ್ಕೆ ಇವನ್ನೂ ಸೇರಿಸಿ. ಶವರ್ ಗಾಜಿನ ಬಗ್ಗೆಯೂ ಒಂದು ಮಾತು: ಸಾಮಾನ್ಯ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಂಚು ಹಸಿರಾಗಿ ಕಾಣುತ್ತದೆ. ಹಿಂದಿನ ಗೋಡೆ ಅಚ್ಚ ಬಿಳಿಯಾಗಿದ್ದರೆ ಕಬ್ಬಿಣ ಕಡಿಮೆ ಇರುವ ಗಾಜು ಕೇಳಿ.

ಪೇಂಟ್, ಕಪಾಟು

ಟೈಲ್ಸ್ ಇಲ್ಲದ ಗೋಡೆ ಮತ್ತು ಚಾವಣಿಗೆ ಬೂಷ್ಟು ತಡೆಯುವ ಪೇಂಟ್ ಬೇಕು. ಗೋಡೆಗೆ ಸ್ಯಾಟಿನ್ ಅಥವಾ ಅರೆ ಹೊಳಪು. ಪೂರ್ತಿ ಹೊಳಪಾದರೆ ಗಾರೆಯ ಏರುತಗ್ಗು ಕಾಣುತ್ತದೆ, ಸಾಮಾನ್ಯ ಮ್ಯಾಟ್ ಆದರೆ ಉಜ್ಜಿದಲ್ಲಿ ತೇಪೆಯಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಯಾವ ಪೇಂಟೂ ಬಹಳ ದಿನ ಬಾಳುವುದಿಲ್ಲ. ಕಪಾಟಿನ ವಿಷಯದಲ್ಲಿ ಬಣ್ಣಕ್ಕಿಂತ ಅಂಚು ನೋಡಿ. ನೀರು ಒಳಹೋಗುವುದು ಅಂಚಿನಿಂದಲೇ. ಲ್ಯಾಮಿನೇಟ್ ಗಟ್ಟಿಮುಟ್ಟು, ಹೊಳಪಿನ ಪೇಂಟ್ ಹೊಡೆದದ್ದು ಚೆಂದ ಆದರೆ ಗೀರು ಬೀಳುತ್ತದೆ. ಸ್ವಲ್ಪ ಧೈರ್ಯದ ಬಣ್ಣ ಆಡಲು ಕಪಾಟಿನ ಬಾಗಿಲು ಒಳ್ಳೆಯ ಜಾಗ. ನಾಲ್ಕು ಸ್ಕ್ರೂ ಬಿಚ್ಚಿದರೆ ಬದಲಿಸಬಹುದು.

ಕೊಳ್ಳುವ ದಿನ

ಟೈಲ್ಸ್ ಪೆಟ್ಟಿಗೆಯ ಮೇಲೆ ಶೇಡ್ ಸಂಖ್ಯೆ ಮತ್ತು ಅಳತೆಯ ಸಂಖ್ಯೆ ಇರುತ್ತದೆ. ಎಲ್ಲ ಪೆಟ್ಟಿಗೆಯಲ್ಲೂ ಅವೆರಡೂ ಒಂದೇ ಆಗಿರಬೇಕು. ಬೇರೆ ದಿನ ಸುಟ್ಟ ಟೈಲ್‌ನ ಬಣ್ಣ ತುಸು ಬೇರೆಯಾಗಬಹುದು, ಅಂಟಿಸಿದ ಮೇಲೆ ಗೋಡೆಯ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ ವಿ1 ರಿಂದ ವಿ4 ಎಂದೂ ಇರುತ್ತದೆ. ವಿ1 ಅಂದರೆ ಎಲ್ಲ ಟೈಲ್ ಒಂದೇ ಥರ, ವಿ4 ಅಂದರೆ ಒಂದಕ್ಕೊಂದು ಬಹಳ ಬೇರೆ. ವಿ3, ವಿ4 ಆರಿಸಿದ್ದರೆ ಅಂಗಡಿಯ ಒಂದೇ ಟೈಲ್ ನೋಡಿ ನಿರ್ಧರಿಸಬೇಡಿ. ಅಂಟಿಸುವ ಮೊದಲು ಮೂರು ನಾಲ್ಕು ಪೆಟ್ಟಿಗೆಯ ಟೈಲ್ಸ್ ಬೆರೆಸಿ ನೆಲದ ಮೇಲೆ ಜೋಡಿಸಿ ನೋಡಿ.

ಲೆಕ್ಕಕ್ಕಿಂತ 10 ಶೇಕಡಾ ಹೆಚ್ಚು ಕೊಳ್ಳಿ, ಓರೆಯಾಗಿ ಜೋಡಿಸುವುದಾದರೆ 15. ಉಳಿದ ಟೈಲ್ಸ್ ಹಿಂದಿರುಗಿಸುವ ಆಸೆ ಬೇಡ. ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಿ. ಅದರ ಮೇಲೆಯೇ ಗ್ರೌಟ್ ಕಂಪನಿ ಮತ್ತು ಬಣ್ಣದ ಸಂಖ್ಯೆ, ಪೇಂಟ್ ಸಂಖ್ಯೆ, ನಲ್ಲಿಯ ಸರಣಿಯ ಹೆಸರು ಮಾರ್ಕರ್‌ನಲ್ಲಿ ಬರೆಯಿರಿ. ಮುಂದೆ ಯಾವತ್ತೋ ಪೈಪ್ ಸೋರಿ ಗೋಡೆ ಒಡೆಯಬೇಕಾಗಿ ಬಂದಾಗ ಪ್ಲಂಬರ್ ಕೇಳುವ ಮೊದಲ ಪ್ರಶ್ನೆಯೇ "ಇದೇ ಟೈಲ್ ಇನ್ನೊಂದು ನಾಲ್ಕು ಇದೆಯಾ?" ಎಂಬುದು.